ಹೆಲೆನ್ ಬಿಟ್ಟುಕೊಟ್ಟ ಹದಿನಾಲ್ಕು ಪುಟಗಳು

ಸ್ವೀಡನ್ನಿನ ನಾರ್‌ಶೋಪಿಂಗ್‌ನ ನಮ್ಮ ಕಟ್ಟಡದಲ್ಲಿ ಬಟ್ಟೆ ಒಗೆಯುವ ಯಂತ್ರ ಮನೆಗೊಂದಿಲ್ಲ; ನೆಲಮಾಳಿಗೆಯಲ್ಲಿ ಹದಿನಾರು ಮನೆಗಳಿಗೂ ಸೇರಿ ಒಂದೇ ಒಗೆಯುವ ಕೋಣೆ. ಗೋಡೆಯ ಹಲಗೆಯಲ್ಲಿ ನಿಮ್ಮ ಹೊತ್ತನ್ನು ಮೊದಲೇ ಕಾಯ್ದಿರಿಸಬೇಕು, ಕೆಲಸ ಮುಗಿದ ಮೇಲೆ ಜಾಲರಿಯಲ್ಲಿ ಸಿಕ್ಕ ನೂಲಿನ ಎಳೆಗಳನ್ನು ತೆಗೆದು, ನೆಲ ಒರೆಸಿ ಮುಂದಿನವರಿಗೆ ಬಿಟ್ಟುಕೊಡಬೇಕು. ಇಲ್ಲಿನ ನೆರೆಹೊರೆಯವರು ಜಗಳವಾಡುವುದಿದ್ದರೆ ಈ ಕೋಣೆಯಲ್ಲಿಯೇ, ಅದೂ ಬಾಯಿ ಬಿಟ್ಟಲ್ಲ, ಗೋಡೆಗೆ ಚೀಟಿ ಅಂಟಿಸಿ. ಒಮ್ಮೆ ನಾನು ಜಾಲರಿ ತೆಗೆಯಲು ಮರೆತೆ. ಮರುದಿನ ಸ್ವೀಡಿಷ್ ಚೀಟಿಗಳ ನಡುವೆ ಇಂಗ್ಲಿಷಿನ ಚೀಟಿಯೊಂದು ನನಗಾಗಿ ಕಾದಿತ್ತು: “ನಿಮ್ಮ ಹಳದಿ ಸೀರೆಯ ಎಳೆಗಳು ನನ್ನ ಕಪ್ಪು ಕೋಟಿನ ಮೇಲೆ ಕೂತಿವೆ. ಚೆನ್ನಾಗಿಯೇ ಕಾಣುತ್ತವೆ, ಆದರೆ ಮುಂದಿನ ಸಲ ಬೇಡ.” ತಪ್ಪೊಪ್ಪಿಕೊಳ್ಳಲು ಮೂರನೆಯ ಮಹಡಿಗೆ ಹೋದೆ, ಬಾಗಿಲು ತೆರೆದವರು ಹೆಲೆನ್.

ಎಪ್ಪತ್ತು ದಾಟಿದ, ನೀಳ ಬೆರಳುಗಳ ಆ ಇಂಗ್ಲಿಷ್ ಹೆಂಗಸು ಕಾದಂಬರಿಕಾರ್ತಿ ಎಂದು ಗೊತ್ತಾದದ್ದು ಎಷ್ಟೋ ವಾರಗಳ ನಂತರ. ಉತ್ತರ ಇಂಗ್ಲೆಂಡಿನ ಒಂದು ಮೀನುಗಾರರ ಊರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ತಂದೆ, ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದ ಅಕ್ಕ, ಇವಿಷ್ಟು ಅವರ ಬಾಲ್ಯ. ಇಪ್ಪತ್ತಾರನೆಯ ವಯಸ್ಸಿಗೆ ಮೊದಲ ಕಾದಂಬರಿ ಬರೆದರು. ಮದುವೆಗೆ ಮುಂಚೆ ಬಸುರಾಗಿ, ಹೆತ್ತ ಮಗುವನ್ನು ಪರರ ಕೈಗೆ ಒಪ್ಪಿಸಿ ಬಂದ ಹುಡುಗಿಯೊಬ್ಬಳ ಕಥೆ ಅದು. ಪತ್ರಿಕೆಗಳು ಹೊಗಳಿದವು, ಬಹುಮಾನ ಬಂತು, ಶಾಲೆಗಳಲ್ಲಿ ಓದಿಸಿದರು. ಆ ಹುಡುಗಿ ಅವರ ಅಕ್ಕನೇ. ಅಕ್ಕ ಅಲ್ಲಿಂದಾಚೆಗೆ ತಂಗಿಯ ಜೊತೆ ಮಾತಾಡಲಿಲ್ಲ.

ಆಮೇಲೆ ಹತ್ತು ಕಾದಂಬರಿಗಳು ಬಂದವು. ಒಂದೊಂದಕ್ಕೂ ಓದುಗರು ಕಡಿಮೆಯಾಗುತ್ತ ಹೋಗಿ, ಕೊನೆಗೊಂದು ದಿನ ಪ್ರಕಾಶಕರು ಅತ್ಯಂತ ಸಭ್ಯವಾದ ಪತ್ರ ಬರೆದು ಕೈಬಿಟ್ಟರು. ಅಷ್ಟರಲ್ಲಿ ಹೆಲೆನ್ ಒಬ್ಬ ಸ್ವೀಡಿಷ್ ಎಂಜಿನಿಯರನ್ನು ಮದುವೆಯಾಗಿ ಈ ಊರಿಗೆ ಬಂದಿದ್ದರು. ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದು, ವಯಸ್ಕರಿಗೆ ಇಂಗ್ಲಿಷ್ ಹೇಳಿಕೊಡುತ್ತ, ಬೆಳಗಿನ ನಾಲ್ಕು ತಾಸು ಬರೆಯುತ್ತ ಬದುಕುತ್ತಿದ್ದರು. ಯಾರಿಗಾಗಿ ಎಂದು ನಾನೊಮ್ಮೆ ಕೇಳಿದಾಗ, “ಬರೆಯದೆ ಹೋದರೆ ಮಧ್ಯಾಹ್ನದ ಹೊತ್ತಿಗೆ ನಾನು ಸಹಿಸಲಾಗದವಳಾಗುತ್ತೇನೆ” ಎಂದರು. ಪ್ರತಿ ಕ್ರಿಸ್‌ಮಸ್ಸಿಗೆ ಅಕ್ಕನಿಗೊಂದು ಕಾರ್ಡು ಕಳಿಸುತ್ತಿದ್ದರು. ಅದು ತಿರುಗಿ ಬರುತ್ತಿರಲಿಲ್ಲ, ಉತ್ತರವೂ ಬರುತ್ತಿರಲಿಲ್ಲ.

ನಮ್ಮ ಭಾಷೆಯ ಒಂದು ವಿಚಿತ್ರವನ್ನು ನೀವೂ ಗಮನಿಸಿರಬಹುದು: ಕರೆ ಎಂದರೆ ಕೂಗು ಹೌದು, ಬಟ್ಟೆಗೆ ಹತ್ತಿ ಬಿಡದ ಕಲೆಯೂ ಹೌದು. ಒಂದು ಭಾನುವಾರ ಬೆಳಗ್ಗೆ ಹೆಲೆನ್ ಮತ್ತು ನಾನು ಹಾಸಿಗೆಯ ಹೊದಿಕೆಯನ್ನು ಆ ತುದಿ ಈ ತುದಿ ಹಿಡಿದು ಮಡಿಸುತ್ತಿದ್ದಾಗ ನನ್ನ ಜೇಬಿನಲ್ಲಿ ಫೋನು ಅದುರಿತು.

“ಫೋನ್ ಬಂದಾಗಲೆಲ್ಲ ಯಾಕೆ ಹೀಗೆ ಬೆಚ್ಚಿಬೀಳುತ್ತೀ?” ಎಂದು ಕೇಳಿದರು.

ನನ್ನ ಗಂಡನಿಗೂ ಹೇಳದಿದ್ದ ಮಾತು ಆ ಸಾಬೂನಿನ ವಾಸನೆಯ ನಡುವೆ ಹೇಗೆ ಹೊರಬಿತ್ತೋ ತಿಳಿಯದು. ದಾವಣಗೆರೆಯಲ್ಲಿ ತಮ್ಮನ ಮನೆಯಲ್ಲಿದ್ದ ಅಮ್ಮ ನಾಲ್ಕು ವರ್ಷಗಳ ಹಿಂದೊಂದು ಮಧ್ಯಾಹ್ನ ನನಗೆ ಮೂರು ಸಲ ಫೋನು ಮಾಡಿದಳು. ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ, ಮೂರು ಸಲವೂ ಕತ್ತರಿಸಿದೆ. ಅವತ್ತು ಸಂಜೆ ಅವಳನ್ನು ಆಸ್ಪತ್ರೆಗೆ ಸೇರಿಸಿದರು, ಮರುದಿನ ಅವಳಿರಲಿಲ್ಲ. ಹೆಲೆನ್ ಹೊದಿಕೆಯ ತಮ್ಮ ತುದಿಯನ್ನು ನನ್ನ ತುದಿಗೆ ಸೇರಿಸಿ, ನನ್ನ ಕೈಯನ್ನು ಒಂದು ಕ್ಷಣ ಹಿಡಿದುಕೊಂಡರಷ್ಟೆ.

ಸುಮಾರು ಎಂಟು ತಿಂಗಳು ಕಳೆದಿರಬೇಕು. ಹೆಲೆನ್ ನಮ್ಮ ಬಾಗಿಲು ತಟ್ಟಿ ಒಂದು ಲಕೋಟೆ ಕೊಟ್ಟರು. ಲಂಡನ್ನಿನ ಸಣ್ಣ ಪ್ರಕಾಶನವೊಂದು ಅವರ ಹೊಸ ಕಾದಂಬರಿಯನ್ನು ಒಪ್ಪಿಕೊಂಡಿತ್ತು.

“ಇದರಲ್ಲಿ ಹದಿನಾಲ್ಕು ಪುಟ ನಿನ್ನದು. ಓದು. ನೀನು ಬೇಡವೆಂದರೆ ಇವು ಪುಸ್ತಕದಲ್ಲಿ ಇರುವುದಿಲ್ಲ.” ಆಮೇಲೆ ಸೇರಿಸಿದರು: “ಅಕ್ಕನಿಗೆ ನಾನು ತೋರಿಸಿರಲಿಲ್ಲ. ಅಚ್ಚಾದ ಮೇಲೆ ಬಸ್ಸಿನಲ್ಲಿ ಪಕ್ಕದವಳ ಕೈಯಲ್ಲಿ ನೋಡಿದಳಂತೆ.”

ಪುಟಗಳಲ್ಲಿದ್ದವಳು ನಾನಲ್ಲ, ಪರದೇಶದಲ್ಲಿ ದುಡಿಯುವ ಒಬ್ಬ ನರ್ಸು. ಹೆಸರು ಬೇರೆ, ಊರು ಬೇರೆ, ದೇವರೂ ಬೇರೆ. ಆದರೆ ಮೂರನೆಯ ಸಲ ಫೋನು ಬಂದಾಗ ಅವಳು ಮಾಡುತ್ತಿದ್ದುದೇನು? ಯಾರೋ ತೋರಿಸುತ್ತಿದ್ದ ಚಿತ್ರಗಳನ್ನು ಅರ್ಧ ಮನಸ್ಸಿನಿಂದ ನೋಡುತ್ತಿದ್ದಳು. ಎದ್ದು ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಪುರುಸೊತ್ತಿಲ್ಲದೆ ಅಲ್ಲ, ತಾಯಿಯ ಮೇಲಿನ ಕಿರಿಕಿರಿಯಿಂದ ಅವಳು ಕರೆಯನ್ನು ಕತ್ತರಿಸಿದಳು. ಇದನ್ನು ನಾನು ಹೆಲೆನ್‌ಗೆ ಹೇಳಿರಲಿಲ್ಲ. ನನಗೇ ನಾನು ಹೇಳಿಕೊಂಡಿರಲಿಲ್ಲ. ನಾನು ಮುಚ್ಚಿಟ್ಟದ್ದನ್ನು ಅವರು ಕಲ್ಪಿಸಿಕೊಂಡೇ ಮುಟ್ಟಿಬಿಟ್ಟಿದ್ದರು. ಕಾದಂಬರಿಕಾರರ ವಿದ್ಯೆ ಎಂಥ ಕರುಣೆಯದು, ಎಂಥ ಕ್ರೌರ್ಯದ್ದು ಎಂಬುದು ನನಗೆ ಅಂದು ಒಟ್ಟಿಗೇ ತಿಳಿಯಿತು.

ಎರಡು ದಿನ ಬಿಟ್ಟು ಲಕೋಟೆ ಹಿಡಿದು ಮೇಲೆ ಹೋದೆ.

“ಬೇಡ ಹೆಲೆನ್,” ಎಂದೆ. “ನನ್ನ ಹೆಸರಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ, ಎಲ್ಲ ನಿಜ. ಆದರೂ ಬೇಡ.”

ಅವರು ಲಕೋಟೆಯನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟರು. “ಸರಿ,” ಎಂದರು. ನಾನು ಬಾಗಿಲ ಬಳಿ ಬಂದಾಗ ಹಿಂದಿನಿಂದ ಅವರ ದನಿ ಕೇಳಿತು: “ಹತ್ತು ವರ್ಷದಲ್ಲಿ ಬರೆದದ್ದರಲ್ಲೆಲ್ಲ ಇದೇ ಚೆನ್ನಾಗಿತ್ತು. ಇದನ್ನು ನಿನಗೆ ಹೇಳಬಾರದಿತ್ತು, ಹೇಳಿಬಿಟ್ಟೆ.”

ಮೂರು ವಾರ ಅವರು ಒಗೆಯುವ ಹೊತ್ತನ್ನು ಬದಲಿಸಿಕೊಂಡರು. ನಾವು ಎದುರಾಗಲೇ ಇಲ್ಲ. ನನಗೂ ನೆಮ್ಮದಿಯಿರಲಿಲ್ಲ. ಮರೆತುಹೋಗುತ್ತಿದ್ದ ಒಬ್ಬ ಲೇಖಕಿಗೆ ಮರಳಿ ಸಿಗಬಹುದಾಗಿದ್ದ ಓದುಗರನ್ನು ನನ್ನ ನಾಚಿಕೆಗಾಗಿ ತಪ್ಪಿಸಿದೆನೆ? ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ನಾನರಿಯೆ. ನಾಲ್ಕನೆಯ ವಾರ ಅವರೇ ಬಂದು, “ಫೀಕಾ?” ಎಂದು ಇಲ್ಲಿನವರಂತೆ ಕಾಫಿಗೆ ಕರೆದರು. ಕಾಫಿ, ಏಲಕ್ಕಿ ಬನ್ನು, ಹವಾಮಾನದ ಮಾತು. ಪುಟಗಳ ಮಾತನ್ನು ಇಬ್ಬರೂ ಎತ್ತಲಿಲ್ಲ.

ಪುಸ್ತಕ ಈ ವಸಂತದಲ್ಲಿ ಬಂತು. ಪತ್ರಿಕೆಯೊಂದರಲ್ಲಿ ನಾಲ್ಕು ಸಾಲಿನ ವಿಮರ್ಶೆ, ನಮ್ಮೂರ ಗ್ರಂಥಾಲಯದಲ್ಲಿ ಒಂದು ಶನಿವಾರ ವಾಚನ. ಇಪ್ಪತ್ತು ಜನ ಇದ್ದೆವೋ ಏನೋ. ಹೆಲೆನ್ ಆ ನರ್ಸಿನ ಅಧ್ಯಾಯವನ್ನೇ ಓದಿದರು. ಈಗ ಅದರಲ್ಲಿ ಆ ಹದಿನಾಲ್ಕು ಪುಟಗಳಿಲ್ಲ; ನರ್ಸು ಕೆಲಸ ಮುಗಿಸಿ ಮೆಟ್ಟಿಲಿಳಿದು ಹೋಗುತ್ತಾಳೆ, ಅಧ್ಯಾಯ ಮುಗಿಯುತ್ತದೆ. ಮುಂದಿನ ಸಾಲಿನಲ್ಲಿದ್ದ ವೃದ್ಧೆಯೊಬ್ಬರು ಕೈಯೆತ್ತಿ, ಇಲ್ಲಿ ಏನನ್ನೋ ಬಿಟ್ಟಂತಿದೆಯಲ್ಲ ಎಂದು ಕೇಳಿದರು.

“ಹೌದು, ಬಿಟ್ಟಿದ್ದೇನೆ,” ಎಂದರು ಹೆಲೆನ್, ನನ್ನತ್ತ ನೋಡದೆ. “ಆ ಜಾಗ ನನ್ನದಲ್ಲ.”

ನಲವತ್ತೈದು ವರ್ಷಗಳ ಹಿಂದೆಯೇ ಅವರ ಅಕ್ಕನಿಗೆ ಸಲ್ಲಬೇಕಿದ್ದ ಮಾತು ಅದೆಂದು ನನಗನ್ನಿಸಿತು. ಹೊರಗೆ ಬಂದು, ನದಿಯ ದಂಡೆಯ ಬೆಂಚಿನಲ್ಲಿ ಕೂತು ತಮ್ಮನಿಗೆ ಫೋನು ಮಾಡಿದೆ.

“ಅಮ್ಮ ಆವತ್ತು ಮೂರು ಸಲ ಕಾಲ್ ಮಾಡಿದ್ಲು ಕಣೋ. ನಾನು ಕಟ್ ಮಾಡ್ದೆ. ಮೀಟಿಂಗ್ ಅಂಥದ್ದೇನೂ ಇರ್ಲಿಲ್ಲ. ಸಿಡಿಮಿಡಿ ಬಂದಿತ್ತು, ಅಷ್ಟೇ.”



“ಗೊತ್ತು ಅಕ್ಕ. ಅವಳಿಗೆ ಕಣ್ಣು ಕಾಣ್ತಿರ್ಲಿಲ್ವಲ್ಲ, ನಂಬರ್ ಒತ್ತಿ ಕೊಟ್ಟೋನು ನಾನೇ.”

“ಅಮ್ಮ ಏನಂದ್ಲು?”

“ಕೆಲಸದಲ್ಲಿದಾಳೆ ಬಿಡು ಅಂದ್ಲು. ಆಮೇಲೆ, ಇನ್ನೊಂದ್ ಸಲ ಒತ್ತು ಅಂದ್ಲು.”

“ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ?”

“ನೀನಾಗೇ ಹೇಳ್ಲಿ ಅಂತ ಸುಮ್ನಿದ್ದೆ,” ಎಂದ ತಮ್ಮ. “ಈಗ ಹೇಳು. ಮೊದಲಿಂದ ಹೇಳು.”

ನಾನು ಮೊದಲಿನಿಂದ ಹೇಳಿದೆ.