ಕಪ್ಪತಗುಡ್ಡದ ಇಳಿಜಾರಿನಲ್ಲಿ ಹುರುಳಿ

ಎರಡು ವರ್ಷದ ಹಿಂದಿನ ಚಳಿಗಾಲ. ಮಾಗಡಿ ಕೆರೆಗೆ ಹೊರದೇಶದ ಹಕ್ಕಿಗಳು ಬಂದಿಳಿದಿದ್ದ ದಿನಗಳು. ಹೆಣ್ಣುಮಕ್ಕಳ ವೃತ್ತಿಪರ ಸೈಕಲ್ ರೇಸೊಂದು ನಮ್ಮ ಗದಗ ಜಿಲ್ಲೆಯಲ್ಲಿ ಹಾದುಹೋಗುವುದಿತ್ತು. ಹಲವು ದಿನ ನಡೆಯುವ ರೇಸ್ ಅದು, ದಿನಕ್ಕೊಂದು ಹಂತ. ಮೂರನೆಯ ಹಂತ ಮುಂಡರಗಿಯಲ್ಲಿ ಶುರುವಾಗಿ, ಡೋಣಿಯ ಮೇಲೆ ಕಪ್ಪತಗುಡ್ಡ ಹತ್ತಿ, ಆಚೆ ಶಿರಹಟ್ಟಿ ಕಡೆಗೆ ಇಳಿದು, ಲಕ್ಷ್ಮೇಶ್ವರದಲ್ಲಿ ಮುಗಿಯಬೇಕು. ನಾನು ಬೆಟಗೇರಿಯವಳು. ಪೆಡಲ್ ತುಳಿಯುವುದು ಕಲಿತದ್ದೇ ಈ ರಸ್ತೆಗಳಲ್ಲಿ. ಅದಕ್ಕೇ ಬಿಡುವಿನ ದಿನ ನಮ್ಮ ತಂಡದ ಮ್ಯಾನೇಜರ್ ನನ್ನನ್ನು ಕರೆದು, "ಗಿರಿಜಾ, ನಾಳೆಯ ದಾರಿ ಒಮ್ಮೆ ನೋಡಿಕೊಂಡು ಬಾ" ಎಂದರು.

ಅವರು ಅದನ್ನು ನಡುವಿನ ಹಂತ ಎನ್ನುತ್ತಿದ್ದರು. ಬಯಲೂ ಅಲ್ಲ, ಪೂರ್ತಿ ಘಾಟಿಯೂ ಅಲ್ಲ. ಬಯಲಲ್ಲಿ ಓಡುವ ಗಟ್ಟಿಗಿತ್ತಿಯರು ಗುಡ್ಡದಲ್ಲಿ ಹಿಂದೆ ಬೀಳುತ್ತಾರೆ. ಗುಡ್ಡ ಹತ್ತುವ ಗಟ್ಟಿಗಿತ್ತಿಯರು ಮರುದಿನದ ದೊಡ್ಡ ಘಾಟಿಗೆಂದು ಕಾಲು ಉಳಿಸಿಕೊಳ್ಳುತ್ತಾರೆ. ಹಾಗಾಗಿ ಅಂಥ ದಿನ ಗೆಲ್ಲುವುದು ನನ್ನಂಥ ಅರೆಬರೆಯವರೇ. ಆ ವರ್ಷ ತಂಡದೊಂದಿಗಿನ ನನ್ನ ಕರಾರು ಮುಗಿಯುತ್ತಿತ್ತು. ಒಂದು ಹಂತ ಗೆದ್ದರೆ ಉಳಿಸಿಕೊಳ್ಳುತ್ತೇವೆ ಎಂದು ಬಾಯಿಬಿಟ್ಟೇ ಹೇಳಿದ್ದರು. ನನಗೆ ಸಿಗುವುದಿದ್ದರೆ ಅದೊಂದೇ ದಿನ.

ನನಗೆ ಅನುಮಾನ ಜಾಸ್ತಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದಿನ ವರ್ಷ ಬೇರೆಲ್ಲೋ ಒಂದು ರೇಸಿನ ಇಳಿಜಾರಿನಲ್ಲಿ ಯಾರೋ ಪುಣ್ಯಾತ್ಮರು ಮೊಳೆ ಚೆಲ್ಲಿದ್ದರು. ನಾನು ಬಿದ್ದು ಹೆಗಲ ಎಲುಬು ಮುರಿದುಕೊಂಡಿದ್ದೆ. ಆಮೇಲೆ ರಸ್ತೆಯ ಪಕ್ಕ ಸುಮ್ಮನೆ ನಿಂತವರನ್ನು ಕಂಡರೂ ಅವರ ಕೈ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿತು.

ನನ್ನ ಹಿಂದೆ ಜೀಪಿನಲ್ಲಿ ಖಾದರ್ ಚಾಚಾ ಬರುತ್ತಿದ್ದರು. ಲಕ್ಷ್ಮೇಶ್ವರದಲ್ಲಿ ಅವರದು ಸೈಕಲ್ ಅಂಗಡಿ, ರೇಸ್ ಮುಗಿಯುವವರೆಗೆ ನಮ್ಮ ತಂಡದ ಮೆಕ್ಯಾನಿಕ್. ಡೋಣಿಯಲ್ಲಿ ಚಹಾಕ್ಕೆ ನಿಂತೆವು. ಅಲ್ಲಿಯೇ ಆ ಮನುಷ್ಯ ಮೊದಲ ಸಲ ಕಂಡದ್ದು. ನಲವತ್ತರ ಆಸುಪಾಸು, ತಲೆಗೆ ಟವೆಲ್ ಸುತ್ತಿದ್ದ, ಪಕ್ಕದಲ್ಲಿ ಹಳೆಯ ಮೊಪೆಡ್. ನನ್ನ ಸೈಕಲ್ಲನ್ನು ಒಮ್ಮೆ ನೋಡಿ, ಜೀಪಿನ ಟಾಯರುಗಳನ್ನು ಬಹಳ ಹೊತ್ತು ನೋಡಿದ.

"ನಾಳೆ ಎಷ್ಟಕ್ಕ ಬರ್ತಾವ್ರಿ?" ಎಂದು ಕೇಳಿದ.

"ಯಾವು?" ಎಂದೆ.

"ಅದ ರೀ, ಸೈಕಲ್ಲು. ಹಿಂದ ಜೀಪು, ಕಾರು ಎಲ್ಲಾ ಬರ್ತಾವಂತಲ್ಲ. ಎಷ್ಟ ಗಾಡಿ ಬರಬಹುದ್ರಿ?"

ರೇಸ್ ನೋಡುವವರು ಯಾರು ಗೆಲ್ಲುತ್ತಾರೆ ಎಂದು ಕೇಳುತ್ತಾರೆ. ಬಹುಮಾನ ಏನು, ಸೈಕಲ್ಲಿನ ಬೆಲೆ ಎಷ್ಟು ಎಂದು ಕೇಳುತ್ತಾರೆ. ಎಷ್ಟು ಗಾಡಿ ಬರುತ್ತವೆ ಎಂದು ಕೇಳಿದವರನ್ನು ನಾನು ಕಂಡಿರಲಿಲ್ಲ. "ಗೊತ್ತಿಲ್ಲ" ಎಂದು ಎದ್ದುಬಿಟ್ಟೆ.

ಏರು ಶುರುವಾಯಿತು. ಎಲ್ಲಿ ಕಡಿದಾಗುತ್ತದೆ, ಎಲ್ಲಿ ಡಾಂಬರು ಕಿತ್ತಿದೆ, ಎಲ್ಲಿ ಗುಂಪು ಬಿಟ್ಟು ಮುಂದೆ ಹಾರಬಹುದು ಎಂದು ಮನಸ್ಸಿನಲ್ಲೇ ಗುರುತು ಹಾಕುತ್ತಾ ಹತ್ತಿದೆ. ಗುಡ್ಡದ ಮೇಲೆ ಗಾಳಿಯಂತ್ರಗಳು ಮುಖ ತಿರುಗಿಸಿ ನಿಂತಿದ್ದವು. ಅವುಗಳ ಮುಖ ನೋಡಿದರೆ ಸಾಕು, ಲಕ್ಷ್ಮೇಶ್ವರದ ಎರೆಹೊಲಗಳ ನಡುವೆ ಗಾಳಿ ಯಾವ ಮಗ್ಗುಲಿಗೆ ಹೊಡೆಯುತ್ತದೆ ಎಂದು ತಿಳಿಯುತ್ತದೆ. ಇದೆಲ್ಲ ನೋಡುತ್ತಿದ್ದರೂ ಕಿವಿ ಮಾತ್ರ ಹಿಂದಕ್ಕಿತ್ತು. ಅದೇ ಮೊಪೆಡ್ಡಿನ ಸದ್ದು. ನಾನು ನಿಧಾನ ಮಾಡಿದರೆ ಅದೂ ನಿಧಾನ. ಕೊನೆಗೆ ಅವನು ತುದಿಯ ಹತ್ತಿರ ನನ್ನನ್ನು ದಾಟಿ, ಹಿಂತಿರುಗಿ ಹಿಂತಿರುಗಿ ನೋಡುತ್ತಾ ಇಳಿದುಹೋದ.

ಜನವಿಲ್ಲದ ಗುಡ್ಡ, ಒಬ್ಬಳೇ ಹೆಣ್ಣುಮಗಳು. ಚಾಚಾ ಹಿಂದೆ ಇದ್ದಾರೆಯೇ ಎಂದು ಎರಡೆರಡು ಸಲ ತಿರುಗಿ ನೋಡಿದೆ. ಹೆದರಿದ್ದೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಇಳಿಜಾರಿನ ನಡುವೆ ಒಂದು ತಿರುವಿದೆ. ಒಂದು ಬದಿ ಬಂಡೆ, ಇನ್ನೊಂದು ಬದಿ ತಗ್ಗು. ಬಂಡೆ ಅಡ್ಡ ಬರುವುದರಿಂದ ಮುಂದಿನ ರಸ್ತೆ ಕಾಣುವುದಿಲ್ಲ. ರೇಸಿನಲ್ಲಿ ಯಾರು ಬ್ರೇಕ್ ಹಿಡಿಯದೆ ಅದನ್ನು ದಾಟುತ್ತಾರೋ ಅವರು ಅಲ್ಲಿಂದ ಮುಂದೆ ಸಿಗುವುದಿಲ್ಲ. ನಾನು ಅಳತೆ ನೋಡಲೆಂದು ಮೆಲ್ಲಗೆ ತಿರುಗಿದೆ. ಆಚೆ ಕಡೆ ರಸ್ತೆಯ ಅಂಚಿಗೆ ಸಾಲಾಗಿ ಕಲ್ಲು ಇಟ್ಟಿದ್ದರು. ಪಕ್ಕದಲ್ಲಿ ತಾಡಪತ್ರಿ ಹೊದಿಸಿದ ದೊಡ್ಡ ಗುಡ್ಡೆ. ಅದರ ಮುಂದೆ ಅದೇ ಮನುಷ್ಯ, ಇನ್ನೊಂದು ಕಲ್ಲು ಹೊತ್ತು ನಿಂತಿದ್ದ.

ಚಾಚಾ ಜೀಪು ನಿಲ್ಲಿಸಿ ಇಳಿದರು. "ಏನ್ ನಡಸೀಯೋ ತಮ್ಮಾ ಇಲ್ಲಿ?"

"ಏನಿಲ್ರಿ. ಆಡು ಕಟ್ಟಾಕ ಕಲ್ಲ."

"ಆಡು ಎಲ್ಲಿ?"

"ಮೇಯಾಕ ಹೋಗ್ಯಾವ್ರಿ."

"ತಾಡಪತ್ರಿ ಕೆಳಗ ಏನೈತಿ?"

"ಏನೂ ಇಲ್ರಿ, ಸಾಹೇಬ್ರ" ಎಂದವನೇ ಹೋಗಿ ಅದರ ಮುಂದೆ ಕೈ ಅಗಲಿಸಿ ನಿಂತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನನ್ನ ಹೆಲ್ಮೆಟ್ಟಿನ ಮೇಲೆ ದಾರಿ ಚಿತ್ರೀಕರಿಸಲು ಸಣ್ಣ ಕ್ಯಾಮೆರಾ ಇತ್ತು. ಅವನು ಅದನ್ನೇ ದಿಟ್ಟಿಸುತ್ತಿದ್ದ.

"ಚಾಚಾ, ಪೊಲೀಸರಿಗೆ ಫೋನ್ ಮಾಡ್ರಿ. ಇವ ಡೋಣಿಯಿಂದ ನನ್ನ ಹಿಂದ ಬಿದ್ದಾನ" ಎಂದೆ.

ಅವನ ಮುಖ ಸಪ್ಪಗಾಯಿತು. "ನಾ ಯಾಕ ನಿಮ್ಮ ಹಿಂದ ಬೀಳ್ಲಿರಿ? ಇದು ನಮ್ಮೂರ ದಾರಿ. ನೀವ ಆ ಕಲ್ಲ ನೋಡ್ಕೋಂತ, ಈ ತಗ್ಗ ನೋಡ್ಕೋಂತ, ಫೋಟೋ ಹೊಡ್ಕೋಂತ ಬಂದೀರಿ. ನೀವು ದಂಡಾ ಹಾಕೋ ಸರ್ವೇದವರ ಹೌದಲ್ಲೋ?" ಎಂದ. ನಾನು ಅವನನ್ನು ಅನುಮಾನಿಸಿದ್ದಕ್ಕಿಂತ ಒಂದು ಕೈ ಹೆಚ್ಚೇ ಅವನು ನಮ್ಮನ್ನು ಅನುಮಾನಿಸಿದ್ದ.

ಅಷ್ಟರಲ್ಲಿ ತಗ್ಗಿನ ಹೊಲದಿಂದ ಮುದುಕಿಯೊಬ್ಬಳು ತಲೆಯ ಮೇಲೆ ಹೊರೆ ಹೊತ್ತು ಹತ್ತಿಬಂದಳು. ಅವನ ತಾಯಿ. ಹೊರೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ನಮ್ಮನ್ನೂ ಜೀಪನ್ನೂ ನೋಡಿ ಸಂತೋಷದಿಂದ ಕೇಳಿದಳು:

"ನಾಳೆ ನಮ್ಮ ಹುರಳಿ ತುಳಿಸಿಕೊಡಾವ್ರು ನೀವ ಏನವ್ವಾ?"

ಮಗ ತಲೆ ತಗ್ಗಿಸಿದ. ಚಾಚಾ ಮೊದಲು ನಕ್ಕರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ನಮ್ಮ ಕಡೆ ಈಗ ಎತ್ತು ಕಟ್ಟಿ ಕಣದಲ್ಲಿ ಹಂತಿ ಹೊಡೆದು ಕಾಳು ಬಿಡಿಸುವವರು ಕಡಿಮೆ. ಬೆಳೆಯನ್ನು ಡಾಂಬರು ರಸ್ತೆಗೆ ಹರವುತ್ತಾರೆ, ಹೋಗಿಬರುವ ಗಾಡಿಗಳ ಗಾಲಿಗೆ ಸಿಕ್ಕು ಕಾಳು ಉದುರುತ್ತದೆ. ಗಾಡಿಗಳು ಬದಿಗೆ ಸರಿಯದೆ ಬೆಳೆಯ ಮೇಲೇ ಹೋಗಲಿ ಎಂದು ಅಂಚಿಗೆ ಕಲ್ಲಿಡುತ್ತಾರೆ. ಆದರೆ ಗುಡ್ಡದ ಆ ರಸ್ತೆಗೆ ಗಾಡಿ ಬರುವುದೇ ಅಪರೂಪ. ನಾಳೆ ರೇಸ್ ಬರುತ್ತದೆ, ಹಿಂದೆ ಸಾಲುಗಟ್ಟಿ ಜೀಪು, ಕಾರು, ವ್ಯಾನು ಬರುತ್ತವೆ ಎಂದು ಕೇಳಿದ ನಿಂಗಪ್ಪ, ಅಂದರೆ ಆ ಮಗ, ಇಡೀ ಬೆಳೆಯನ್ನು ತಂದು ತಿರುವಿಗೆ ಒಟ್ಟಿದ್ದ. "ದೇವ್ರ ಕಳಿಸ್ಯಾನ ಅನ್ಕೊಂಡೆರಿ. ಹಿಂಗ ಒಮ್ಮೆಲೆ ಅಷ್ಟ ಗಾಡಿ ಈ ಜನ್ಮದಾಗ ಬರೂದಿಲ್ಲ" ಎಂದ.

ನನ್ನ ಅನುಮಾನ ಸುಳ್ಳಾಗಿರಲಿಲ್ಲ ನೋಡಿ. ಅವನು ನಿಜವಾಗಿಯೂ ಆ ತಿರುವಿನಲ್ಲಿ ರಸ್ತೆಗೆ ಹಾಕುವವನಿದ್ದ, ಮೊಳೆಯ ಬದಲು ಹುರುಳಿ. ಕೆಡುಕು ಮನಸ್ಸಿನಲ್ಲಿಲ್ಲ ಎಂದ ಮಾತ್ರಕ್ಕೆ ಹುರುಳಿ ಜಾರುವುದನ್ನು ಬಿಡುತ್ತದೆಯೇ? ಆ ವೇಗದಲ್ಲಿ ಸಪೂರ ಗಾಲಿ ಆ ಕಾಳಿನ ಮೇಲೆ ಬಂದರೆ ತಗ್ಗಿನಲ್ಲಿ ಹೆಣ ಹುಡುಕಬೇಕು. ಹಾಗೆಂದು ಅವನಿಗೆ ಬಿಡಿಸಿ ಹೇಳಿದೆ. ಮುರಿದ ಹೆಗಲನ್ನೂ ತೋರಿಸಿದೆ.

"ಸೈಕಲ್ ಎಲ್ಲಾ ಹೋದ ಮ್ಯಾಲ ಹರವು. ಸಂಜಿಕ ನಾವ ಜೀಪು ತಂದು ತುಳಿಸಿಕೊಡ್ತೀವಿ" ಎಂದರು ಚಾಚಾ.

ನಿಂಗಪ್ಪ ನಂಬಲಿಲ್ಲ. "ಹೋದವ್ರು ಹೊಳ್ಳಿ ಬರ್ತಾರೇನ್ರಿ? ಇಂಥಾ ಮಾತು ಭಾಳ ಕೇಳೀವಿ."

"ಬೆಳಿ ಮುಟ್ಟಿ ಹೇಳ್ಲಿ" ಎಂದಳು ಮುದುಕಿ.

ಬೆಳೆಯ ಮುಂದೆ ಕಾಲಲ್ಲಿ ಮೆಟ್ಟು ಹಾಕಿಕೊಂಡು ನಿಲ್ಲಬಾರದು, ಅದನ್ನು ಮುಟ್ಟಿ ಸುಳ್ಳಾಡಬಾರದು ಎಂದು ನಮ್ಮವ್ವನೂ ಹೇಳುತ್ತಾಳೆ. ನಾನು ರೇಸಿನ ಬೂಟು ಕಳಚಿ, ತಾಡಪತ್ರಿ ಸರಿಸಿ, ಹುರುಳಿಗೆ ಕೈಯಿಟ್ಟು ಬರುತ್ತೇವೆಂದು ಹೇಳಿದೆ. "ಈಗ ಇವನೂ ಹೇಳ್ಲಿ" ಎಂದೆ. ನಿಂಗಪ್ಪನೂ ಕೈಯಿಟ್ಟು, ಕಡೆಯ ಸೈಕಲ್ ಹೋಗುವ ತನಕ ಒಂದು ಕಡ್ಡಿಯನ್ನೂ ರಸ್ತೆಗೆ ಹಾಕುವುದಿಲ್ಲ ಎಂದ. ಆಮೇಲೆ ಕೇಳಿದ, "ಕಡೇದು ಅಂತ ತಿಳಿಯೂದ ಹ್ಯಾಂಗ? ಒಟ್ಟ ಎಷ್ಟ ಸೈಕಲ್ ಅದಾವ್ರಿ?"

"ಅರವತ್ತೆರಡು" ಎಂದೆ.

ಜೀಪಿನಲ್ಲಿ ಕೂತು ಲಕ್ಷ್ಮೇಶ್ವರದವರೆಗೆ ಹೋಗುವಾಗ ಚಾಚಾ, "ಮಾತಿನ ಮನುಷ್ಯಾ ಅದಾನ, ಬೇಟಿ" ಎಂದರು. ನನಗೆ ಅಷ್ಟು ನಂಬಿಕೆ ಬರಲಿಲ್ಲ. ಸಂಘಟಕರಿಗೆ ಆ ತಿರುವಿನಲ್ಲಿ ಬೆಳೆ ಹರವುವ ಸಂಭವವಿದೆ ಎಂದು ಹೇಳಿದೆ. ರೇಸಿನ ಮುಂದೆ ಓಡುವ ಜೀಪು ನೋಡಿಕೊಳ್ಳುತ್ತದೆ ಎಂದರು. ಆ ಜೀಪು ದಾಟಿದ ಮೇಲೆ ಹರವಿದರೆ? ಆಣೆ ಮಾಡಿದವನೇ ಅರ್ಧ ಗಂಟೆ ಮುಂಚೆ ಆಡಿನ ಸುಳ್ಳು ಹೇಳಿದ್ದನಲ್ಲ.

ಮರುದಿನ ಎಲ್ಲವೂ ನಾನು ಎಣಿಸಿದ ಹಾಗೇ ನಡೆಯಿತು. ದೊಡ್ಡ ಹೆಸರಿನವರು ಯಾರೂ ಗುಡ್ಡದಲ್ಲಿ ಜೋರು ಮಾಡಲಿಲ್ಲ. ನಾನು ಗುರುತು ಹಾಕಿದ್ದ ಕಡಿದಾದ ಜಾಗದಲ್ಲೇ ಮುಂದೆ ಹಾರಿದೆ. ಇಬ್ಬರು ಮಾತ್ರ ಹಿಂದೆ ಬಂದರು. ತುದಿ ದಾಟುವಾಗ ಅವರಿಗಿಂತ ಸ್ವಲ್ಪ ಮುಂದಿದ್ದೆ, ಇಳಿಜಾರಿನಲ್ಲಿ ಆ ಅಂತರ ಇನ್ನೂ ಬೆಳೆಯಿತು. ಕಾಲಲ್ಲಿ ಕಸುವಿತ್ತು. ಬಂಡೆ ಕಂಡಿತು.

ಬ್ರೇಕ್ ಹಿಡಿಯದೆ ದಾಟಬೇಕು, ಅದಕ್ಕೇ ನಿನ್ನೆ ಬಂದು ನೋಡಿದ್ದು. ಅವನು ಹರವಿಲ್ಲ, ಆಣೆ ಮಾಡಿದ್ದಾನೆ ಎಂದು ಮನಸ್ಸಿಗೆ ಹೇಳಿದೆ. ಮನಸ್ಸು ಒಪ್ಪಿತು, ಕೈ ಒಪ್ಪಲಿಲ್ಲ. ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದುಬಿಟ್ಟೆ. ಸೈಕಲ್ ಹೆಚ್ಚುಕಡಿಮೆ ನಿಂತೇ ಹೋಯಿತು. ಹುರುಳಿಯ ಸುದ್ದಿಯೇ ಗೊತ್ತಿಲ್ಲದ ಆ ಇಬ್ಬರು ನನ್ನ ಎರಡೂ ಮಗ್ಗುಲಿಂದ ಬಾಣದ ಹಾಗೆ ಹೋದರು. ನಾನು ತಿರುವು ದಾಟಿ ನೋಡಿದರೆ ರಸ್ತೆಯನ್ನು ಅಂಗಳದ ಹಾಗೆ ಗುಡಿಸಿದ್ದರು. ಅಂಚಿನ ಕಲ್ಲುಗಳೂ ಇರಲಿಲ್ಲ. ನಿಂಗಪ್ಪ ಕಸಬರಿಗೆ ಹಿಡಿದು ನಿಂತಿದ್ದ. ಮುದುಕಿ ಬಂಡೆಯ ಬುಡದಲ್ಲಿ ಕೂತು ನನ್ನತ್ತ ಕೈ ಎತ್ತಿದಳು.

ಲಕ್ಷ್ಮೇಶ್ವರದ ತನಕ ಎದೆ ಒಡೆಯುವ ಹಾಗೆ ತುಳಿದೆ. ಸಿಗಲಿಲ್ಲ. ಮೂರನೆಯವಳಾದೆ. ಮ್ಯಾನೇಜರ್ ಬೆನ್ನು ತಟ್ಟಿದರು, ಕರಾರಿನ ಮಾತು ಎತ್ತಲಿಲ್ಲ. ಆಮೇಲೂ ಎತ್ತಲಿಲ್ಲ.

ಸಂಜೆ ಚಾಚಾ ಜೀಪಿನ ಕೀಲಿ ಹಿಡಿದು ಬಂದರು. ನನಗೆ ಎಲ್ಲಿಗೂ ಹೋಗುವ ಮನಸ್ಸಿರಲಿಲ್ಲ. "ಬೆಳಿ ಮುಟ್ಟೀವಿ, ಬೇಟಿ" ಎಂದರು ಅಷ್ಟೇ. ಹೋದೆ. ಅವನೇನು ನಮಗಾಗಿ ಕಾಯುತ್ತಾನೆಯೇ, ಕಡೆಯ ಸೈಕಲ್ ಹೋದ ಕೂಡಲೇ ಹರವಿ, ರೇಸಿನ ಗಾಡಿಗಳಿಂದ ತುಳಿಸಿಕೊಂಡು ಮನೆಗೆ ಹೋಗಿರುತ್ತಾನೆ ಎಂದುಕೊಂಡಿದ್ದೆ.

ಹೊತ್ತು ಮುಳುಗುವುದರಲ್ಲಿತ್ತು. ತಿರುವಿನಲ್ಲಿ ಹುರುಳಿ ತಾಡಪತ್ರಿಯ ಕೆಳಗೆ ನಿನ್ನೆ ಇದ್ದ ಹಾಗೇ ಇತ್ತು. ಮುದುಕಿ ಬೆಳಿಗ್ಗೆ ಕೂತಲ್ಲೇ ಕೂತಿದ್ದಳು. ನಿಂಗಪ್ಪ ಇರಲಿಲ್ಲ.

"ಯಾಕಬೇ, ಹರವಲೇ ಇಲ್ಲ? ಅಷ್ಟ ಗಾಡಿ ಹೋದ್ವಲ್ಲ?" ಎಂದೆ.

"ಹೋದ್ವು ಬಿಡವ್ವಾ, ಎಲ್ಲಾ ಹೋದ್ವು" ಎಂದು ಮುದುಕಿ ಬೊಗಸೆ ಬಿಚ್ಚಿದಳು. ಒಳಗೆ ಒಂದು ಹರಳುಕಲ್ಲು. ಅವಳು ಅರವತ್ತೆರಡು ಹರಳು ಮಡಿಲಿಗೆ ಹಾಕಿಕೊಂಡು ಕೂತಿದ್ದಳಂತೆ, ಒಂದು ಸೈಕಲ್ ಹೋದ ಹಾಗೆ ಒಂದನ್ನು ಕೆಳಗೆ ಹಾಕುತ್ತಾ. "ಒಂದ ಉಳೀತು. ಆಕಿ ಬರಲಿಲ್ಲ. ಬಿದ್ದಗಿದ್ದಾಳೇನೋ ಅಂತ ನಿಂಗ್ಯಾನ ಗುಡ್ಡದ ಮ್ಯಾಲ ಹುಡುಕಾಕ ಕಳಿಸೀನಿ. ಎರಡ ಸರ್ತಿ ಹೋಗಿಬಂದ, ಮತ್ತ ಹೋಗ್ಯಾನ. ಹೊತ್ತ ಮುಳುಗಾಕತ್ತೈತಿ, ಯಾರ ಮನಿ ಕೂಸೋ ಏನೋ."

ಬೇರೆ ತಂಡದ ಹುಡುಗಿಯೊಬ್ಬಳು ಹೊಟ್ಟೆನೋವೆಂದು ಡೋಣಿಯಲ್ಲೇ ಸೈಕಲ್ ಇಳಿದು, ವ್ಯಾನಿನಲ್ಲಿ ಕೂತು, ಎಲ್ಲರಿಗಿಂತ ಮೊದಲೇ ವಸತಿ ಸೇರಿ ಮಲಗಿದ್ದಳು. ವ್ಯಾನು ಇದೇ ತಿರುವು ದಾಟಿತ್ತು. ಅದನ್ನು ಚಾಚಾ ಹೇಳಿದರು. ಮುದುಕಿ "ಆತು ಬಿಡು, ಆರಾಮ ಅದಾಳಲ್ಲ" ಎಂದು ಆ ಹರಳನ್ನೂ ಉಳಿದವುಗಳ ಮೇಲೆ ಹಾಕಿ, ಮೊಣಕಾಲು ಹಿಡಿದುಕೊಂಡು ಎದ್ದಳು.

ನಿಂಗಪ್ಪ ಬಂದ ಮೇಲೆ ಎಲ್ಲರೂ ಸೇರಿ ಹರವಿದೆವು. ಚಾಚಾ ಜೀಪಿನ ದೀಪ ಹಾಕಿಕೊಂಡು ಹಿಂದಕ್ಕೂ ಮುಂದಕ್ಕೂ ಓಡಿಸಿದರು. ಗಾಲಿಯ ಕೆಳಗೆ ಹುರುಳಿ ಚಟಚಟ ಅನ್ನುತ್ತಿತ್ತು. ನಾನು ಬರಿಗಾಲಲ್ಲಿ ಉದ್ದ ಹಿಡಿಯ, ಮರದ ಹಲ್ಲಿನ ಜಂತಗುಂಟೆಯಿಂದ ಹೊಟ್ಟು ಎಳೆಯುತ್ತಾ ಅತ್ತೆ. ಕತ್ತಲಾಗಿತ್ತು, ಯಾರೂ ನೋಡಲಿಲ್ಲ. ಸೋತದ್ದಕ್ಕೆ ಅತ್ತದ್ದಲ್ಲ ಎಂದರೆ ಸುಳ್ಳಾಗುತ್ತದೆ. ಅದಕ್ಕೊಂದಕ್ಕೇ ಅತ್ತೆ ಎಂದರೂ ಸುಳ್ಳೇ.

"ಯಾರ್ ಗೆದ್ರವ್ವಾ?" ಎಂದು ಮುದುಕಿ ಕೇಳಿದಳು. ಹೇಳಿದೆ. "ನೀ ಇಲ್ಲಿ ಯಾಕ ನಿಂತಿ? ಎಲ್ಲಾರ್ಕಿಂತ ಮುಂದ ಇದ್ದೆಲ್ಲ?" ಎಂದಳು. ನಾನು ಜಂತಗುಂಟೆ ಎಳೆಯುತ್ತಾ ಹೊಟ್ಟಿನ ಆಚೆ ಬದಿಗೆ ಹೋದೆ.

ಈಗ ನಾನು ಗದಗಿನಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ ಕಲಿಸುತ್ತೇನೆ. ಕಾಣದ ತಿರುವಿನಲ್ಲಿ ಬ್ರೇಕ್ ಹಿಡಿಯಿರಿ ಎಂದೇ ಹೇಳಿಕೊಡುತ್ತೇನೆ. ಅವತ್ತು ಹಿಡಿದದ್ದು ತಪ್ಪೆಂದು ಇವತ್ತಿಗೂ ನನಗೆ ಅನಿಸಿಲ್ಲ. ಅನುಮಾನವೂ ನನ್ನನ್ನು ಬಿಟ್ಟಿಲ್ಲ, ರಸ್ತೆ ಪಕ್ಕ ನಿಂತವರ ಕೈಯನ್ನು ಈಗಲೂ ನೋಡುತ್ತೇನೆ. ಆದರೆ ನೋಡಿದಾಗಲೆಲ್ಲ ಆ ಮುದುಕಿಯ ಬೊಗಸೆ ಕಣ್ಣಿಗೆ ಬರುತ್ತದೆ. ಅವರ ಮಾತನ್ನು ನಂಬದೆ ನಾನು ಆ ತಿರುವಿನಲ್ಲಿ ನಿಂತೆ. ಕೊಟ್ಟ ಮಾತಿಗಾಗಿ ಅವಳು ಅದೇ ತಿರುವಿನಲ್ಲಿ ಬಾರದ ಒಂದು ಸೈಕಲ್ಲಿಗೆ ಹೊತ್ತು ಮುಳುಗುವ ತನಕ ಕಾದಳು.