ಬಿಟ್ಟು ಮುಂದೆ ಹೋಗುವ ಲೆಕ್ಕ

"ಮೂರು, ಆರು, ಹನ್ನೊಂದು, ಹದಿನೆಂಟು..."

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಟ್ಯೂಬ್‌ಲೈಟು ಉರಿಯುತ್ತಿದೆ. ಉದ್ದನೆಯ ತಗಡಿನ ಮೇಜಿನ ಮುಂದೆ ನಿಂತ ಹೆಂಗಸೊಬ್ಬರು ಚೀಲದ ಬಾಯಿ ಬಿಚ್ಚಿ, ರಾತ್ರಿಯಿಡೀ ರೋಗಿಗಳ ಮೈಕೆಳಗಿದ್ದ ಚಾದರಗಳನ್ನು ಒಂದೊಂದಾಗಿ ಹೊರಗೆಳೆಯುತ್ತಿದ್ದಾರೆ. ಅವರ ಕೈ ಚೀಲದೊಳಗೆ ನುಗ್ಗುವುದಿಲ್ಲ. ಚಾದರದ ಅಂಚು ಹಿಡಿದು, ಎತ್ತಿ, ಕೊಡವದೆ ಮೆಲ್ಲಗೆ ಬಿಡಿಸಿ ಮೇಜಿನ ಮೇಲೆ ಹರಡುತ್ತದೆ. ತುಟಿ ಮಾತ್ರ ಬೇರೆಯದೇ ಕೆಲಸದಲ್ಲಿದೆ.

"ಹನ್ನೊಂದಾದ ಮೇಲೆ ಹದಿನೆಂಟಾ?" ಒಗೆಯುವ ಯಂತ್ರದ ಹತ್ತಿರದಿಂದ ಒಬ್ಬ ಹಿರಿಯರು ಕೇಳುತ್ತಾರೆ. "ಮಧ್ಯದ ಚಾದರಗಳು ಯಾರ ಮನೆಗೆ ಹೋದವಮ್ಮ?"

"ಚಾದರ ಅಲ್ಲ ಮಾವ, ಲೆಕ್ಕ. ಮುಂದಿನದು ಎಷ್ಟು ಹೇಳಿ ನೋಡೋಣ."

"ಮುಂದಿನದು ಮಕ್ಕಳ ವಾರ್ಡಿನ ಚೀಲ. ಬೇಗ ಬಿಚ್ಚು."

"ಇಪ್ಪತ್ತೇಳು" ಎಂದು ತಮಗೆ ತಾವೇ ಹೇಳಿಕೊಂಡು ಅವರು ಮುಂದಿನ ಚಾದರದ ಅಂಚು ಹಿಡಿಯುತ್ತಾರೆ.

ಆಸ್ಪತ್ರೆಯಲ್ಲಿ ಎಲ್ಲರಿಗೂ ಇವರು ಚಾದರದಕ್ಕ. ಮೇಲಿನ ಮಹಡಿಗಳ ನರ್ಸುಗಳು ಫೋನು ಮಾಡುವುದೂ ಹಾಗೆಯೇ: "ಚಾದರದಕ್ಕ, ನಮ್ಮ ವಾರ್ಡಿಗೆ ಇನ್ನೂ ಬಂದಿಲ್ಲ." ಫೋನಿನಲ್ಲಿ ಕೇಳಿದ ದನಿಯ ಮುಖ ಹೇಗಿದೆ ಎಂದು ಹೆಚ್ಚಿನವರಿಗೆ ಗೊತ್ತಿಲ್ಲ. ವಾರ್ಡುಗಳಿಂದ ಬಂದ ಬಟ್ಟೆಯನ್ನು ವಿಂಗಡಿಸುವುದು ಇವರ ಕೆಲಸ. ರಕ್ತ ಅಂಟಿದ್ದು ಒಂದು ಕಡೆ, ಬರೀ ಕೊಳೆಯಾದದ್ದು ಇನ್ನೊಂದು ಕಡೆ, ಹರಿದದ್ದು ಹೊಲಿಗೆಗೆ. ನಡುನಡುವೆ ಬಟ್ಟೆಯಲ್ಲದ್ದೂ ಬರುತ್ತದೆ. ಚಮಚ, ಕನ್ನಡಕ, ಮಗುವಿನ ಗಿಲಕಿ. ಒಮ್ಮೆ ಒಂದು ಜೊತೆ ಹಲ್ಲಿನ ಸೆಟ್ಟೇ ಬಂದಿತ್ತು. "ತೊಳೆದು ಮೇಲೆ ತಗೊಂಡು ಹೋಗಿ ಕೊಟ್ಟೆ. ಆ ಅಜ್ಜ ಮೂರು ದಿನದಿಂದ ಯಾರ ಹತ್ರನೂ ಮಾತಾಡಿರಲಿಲ್ಲವಂತೆ. ಹಲ್ಲು ಹಾಕ್ಕೊಂಡ ತಕ್ಷಣ ಮೊದಲು ನನಗೇ ಬೈದ, ಇಷ್ಟು ತಡ ಯಾಕೆ ಅಂತ" ಎಂದು ನಗುತ್ತಾರೆ.

ನಗು ಮುಗಿಯುವಷ್ಟರಲ್ಲಿ ಕೆಮ್ಮು ಬರುತ್ತದೆ. ಮುಖ ಪಕ್ಕಕ್ಕೆ ತಿರುಗಿಸಿ, ಮೊಣಕೈ ಅಡ್ಡ ಹಿಡಿದು, ಅದು ನಿಲ್ಲುವ ತನಕ ಕಾಯುತ್ತಾರೆ. ಲಾಂಡ್ರಿಯ ಗಾಳಿಯಲ್ಲಿ ಬ್ಲೀಚಿಂಗ್ ನೀರಿನ ವಾಸನೆ, ಬಿಸಿ ಹಬೆ ಎರಡೂ ಇವೆ. ವರ್ಷಗಟ್ಟಲೆ ಅದನ್ನೇ ಉಸಿರಾಡಿದ ಎದೆ ಈಗ ಮುಷ್ಕರ ಹೂಡಿದೆ. ಅದೇ ಆಸ್ಪತ್ರೆಯ ವೈದ್ಯರು ಪರೀಕ್ಷೆ ಮಾಡಿ, ಔಷಧಿ ಬರೆದು, ಕೊನೆಗೆ ಹೇಳಿದ್ದು ಇಷ್ಟೇ: ಔಷಧಿ ಸ್ವಲ್ಪ ಹಿಡಿತಕ್ಕೆ ತರಬಹುದು, ಆದರೆ ಜಾಗ ಬದಲಾಗದೆ ಇದು ಹೋಗುವುದಿಲ್ಲ.

ಜಾಗ ಬದಲಾಯಿಸಿಕೊಳ್ಳುವುದಕ್ಕೆ ಇರುವುದು ಒಂದೇ ದಾರಿ. ಕೆಳಹಂತದ ನೌಕರರಿಗಾಗಿ ಆಸ್ಪತ್ರೆ ಆಗಾಗ ಒಂದು ಪರೀಕ್ಷೆ ನಡೆಸುತ್ತದೆ. ಗೆದ್ದವರು ಸ್ಟೋರಿನ ಸಹಾಯಕರಾಗಿ ಮೇಲಿನ ಮಹಡಿಗೆ ಹೋಗುತ್ತಾರೆ. ಹುದ್ದೆ ಎರಡೋ ಮೂರೋ ಇದ್ದರೆ ಬರೆಯುವವರು ಒಂದು ಕೊಠಡಿ ತುಂಬ. ಕೇಳುವುದು ಮಾಧ್ಯಮಿಕ ಶಾಲೆಯ ಗಣಿತ, ಜೊತೆಗೆ ತಾರ್ಕಿಕ ಪ್ರಶ್ನೆಗಳು. ಶೇಕಡಾವಾರು, ಅನುಪಾತ, ಕಾಲ ಮತ್ತು ಕೆಲಸ, ದಿಕ್ಕು, ಸಂಬಂಧ. ಒಬ್ಬರಿಗೆ ಮೂರೇ ಅವಕಾಶ. ಚಾದರದಕ್ಕ ಎರಡನ್ನು ಆಗಲೇ ಕಳೆದುಕೊಂಡಿದ್ದಾರೆ.

ಅವರು ಚಿಕ್ಕವರಿದ್ದಾಗ ಏಳನೇ ತರಗತಿಗೇ ಶಾಲೆ ಬಿಟ್ಟವರು. ಲಾಂಡ್ರಿ ಸೇರಿದ ಮೇಲೆ ಸಂಜೆ ಶಾಲೆಗೆ ಹೋಗಿ ಹತ್ತನೆಯದನ್ನು ಮುಗಿಸಿದರು. ಹಾಗೆಂದು ಗಣಿತ ಅವರಿಗೆ ಸುಲಭವಾಗಿ ಒಲಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. "ಭಿನ್ನರಾಶಿ ಅಂದ್ರೆ ಈಗಲೂ ಭಯ. ಮೇಲೊಂದು ಕೆಳಗೊಂದು ಅಂಕಿ ಇಟ್ಟು ಮಧ್ಯೆ ಗೆರೆ ಎಳೆದಿರೋದು ನೋಡಿದ್ರೆ, ಮೇಲಿನವರಿಗೂ ಕೆಳಗಿನವರಿಗೂ ಜಗಳ ಇದೆಯೇನೋ ಅನ್ಸುತ್ತೆ" ಎನ್ನುತ್ತಾರೆ.

ಮನೆ ಎರಡು ಕೋಣೆಯದು. ಗಂಡ ರಾತ್ರಿ ಪಾಳಿಯ ಕಾವಲುಗಾರ. ಇವರು ಹೊರಡುವ ಹೊತ್ತಿಗೆ ಅವರು ಬರುತ್ತಾರೆ. "ನಮ್ಮ ಸಂಸಾರ ಎಲ್ಲ ಹೊಸ್ತಿಲ ಮೇಲೇ ನಡೆಯೋದು" ಎಂದು ಅವರು ನಿದ್ದೆಗಣ್ಣಿನಲ್ಲೇ ತಮಾಷೆ ಮಾಡುತ್ತಾರೆ. ಹೆಂಡತಿಗಾಗಿ ಹಳೆ ಪುಸ್ತಕದಂಗಡಿಯಿಂದ ಅಭ್ಯಾಸದ ಪುಸ್ತಕ ಹುಡುಕಿ ತಂದವರು ಅವರೇ. ಹಿಂದೆ ಅದನ್ನು ಓದಿದ ಯಾರೋ ಪುಣ್ಯಾತ್ಮ ಎಲ್ಲ ಉತ್ತರಗಳಿಗೂ ಗುರುತು ಹಾಕಿಟ್ಟಿದ್ದಾನೆ. ಅದರಲ್ಲಿ ಅರ್ಧಕ್ಕರ್ಧ ತಪ್ಪು.

ಪಾಠ ನಡೆಯುವುದು ಮಧ್ಯಾಹ್ನ, ಅಡುಗೆಮನೆಯ ನೆಲದ ಮೇಲೆ. ಮೇಷ್ಟ್ರು ಅತ್ತೆ. ಎಪ್ಪತ್ತು ದಾಟಿದ ಆಕೆ ಬಹಳ ವರ್ಷ ಪುಸ್ತಕಕ್ಕೆ ಬೈಂಡು ಹಾಕುವ ಅಂಗಡಿಯಲ್ಲಿ ಕೆಲಸ ಮಾಡಿದವರು. ಓದುವುದೆಂದರೆ ಪ್ರಾಣ, ಲೆಕ್ಕವೆಂದರೆ ಅಷ್ಟಕ್ಕಷ್ಟೆ. ಉತ್ತರಗಳನ್ನು ಅಂಗೈಯಿಂದ ಮುಚ್ಚಿಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿ, ಪ್ರಶ್ನೆಯನ್ನು ಸುದ್ದಿ ಓದುವವರಂತೆ ಓದುತ್ತಾರೆ. ಸೊಸೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸುತ್ತಾರೆ.

"ಫೋಟೋದಲ್ಲಿದ್ದ ಹೆಂಗಸನ್ನು ತೋರಿಸಿ ಒಬ್ಬಾತ ಹೀಗೆಂದ: ಇವಳು ನನ್ನ ತಂದೆಯ ಕಡೆಯ ಅಜ್ಜನ ಒಬ್ಬನೇ ಮಗನ ಮಗಳು. ಹಾಗಾದರೆ ಅವಳು ಅವನಿಗೆ ಏನಾಗಬೇಕು?"

"ಅಜ್ಜನ ಒಬ್ಬನೇ ಮಗ ಅಂದ್ರೆ ಅಪ್ಪ. ಅಪ್ಪನ ಮಗಳು. ಅಕ್ಕನೋ ತಂಗಿಯೋ ಆಗಬೇಕು ಅತ್ತೆ."

"ಸರಿ. ಆದ್ರೆ ಅದನ್ನ ನೆಟ್ಟಗೆ ಹೇಳೋಕೆ ಏನು ರೋಗ ಅವನಿಗೆ? ಒಡಹುಟ್ಟಿದವಳನ್ನ ಅಜ್ಜನ ಮನೆ ಸುತ್ತಿಸ್ಕೊಂಡು ಕರ್ಕೊಂಡು ಬರ್ತಾನಲ್ಲ. ಆಸ್ತಿ ತಕರಾರು ಇರಬೇಕು."

ದಿಕ್ಕಿನ ಪ್ರಶ್ನೆ ಬಂದರೆ ಚಾದರದಕ್ಕ ಎದ್ದು ನಿಂತು, ಎಡಕ್ಕೆ ಬಲಕ್ಕೆ ತಾವೇ ತಿರುಗಿ ನೋಡುತ್ತಿದ್ದರು. ಪರೀಕ್ಷಾ ಕೊಠಡಿಯಲ್ಲಿ ಹಾಗೆ ಎದ್ದು ತಿರುಗಿದರೆ ಹೊರಗೆ ಕಳಿಸುತ್ತಾರೆ ಎಂದು ಅತ್ತೆ ಹೆದರಿಸಿದ ಮೇಲೆ, ತಲೆಯ ಕ್ಲಿಪ್ಪೊಂದನ್ನು ನೆಲದ ಮೇಲಿಟ್ಟು ತಿರುಗಿಸುವುದು ಕಲಿತರು. ಹೀಗೆ ಒಂದೊಂದೇ ಬಗೆಯ ಪ್ರಶ್ನೆ ಕೈಗೆ ಹತ್ತಿತು. ಲೆಕ್ಕ ಬರುತ್ತಿತ್ತು. ಆದರೂ ಹಿಂದಿನ ಸಲ ಸೋತರು. ಏಕೆ ಎಂಬುದು ತಿಳಿದದ್ದು ತಡವಾಗಿ.

ಆ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಹೀಗಿತ್ತು: ಒಂದು ಸಂಖ್ಯೆಯನ್ನು ಶೇಕಡ ಇಪ್ಪತ್ತರಷ್ಟು ಏರಿಸಿ, ಬಂದದ್ದನ್ನು ಮತ್ತೆ ಶೇಕಡ ಇಪ್ಪತ್ತರಷ್ಟು ಇಳಿಸಿದರೆ ಆಗುವ ವ್ಯತ್ಯಾಸವೆಷ್ಟು? ಏರಿಸಿದಷ್ಟೇ ಇಳಿಸಿದರೆ ಮೊದಲಿನಷ್ಟೇ ಆಗಬೇಕಲ್ಲ ಎಂದುಕೊಂಡರು. ಕೊಟ್ಟ ನಾಲ್ಕು ಉತ್ತರಗಳಲ್ಲಿ ಅದು ಇರಲೇ ಇಲ್ಲ. ಮತ್ತೆ ಮಾಡಿದರು, ಮತ್ತೆ ಅದೇ ಬಂತು. ನೂರು ಎಂದಿಟ್ಟುಕೊಂಡು ನೋಡಿದ್ದರೆ ನೂರಿಪ್ಪತ್ತಾಗಿ, ಅದರಲ್ಲಿ ಇಪ್ಪತ್ತನಾಲ್ಕು ಹೋಗಿ, ತೊಂಬತ್ತಾರು ಉಳಿಯುವುದು ಕಾಣುತ್ತಿತ್ತು. ಆಗ ಅದು ಹೊಳೆಯಲಿಲ್ಲ. ಹೊಳೆಯದಿದ್ದರೆ ಹೋಗಲಿ, ಜಪ್ಪಯ್ಯ ಅಂದರೂ ಅಲ್ಲಿಂದ ಕದಲಲೂ ಇಲ್ಲ. ಗಂಟೆ ಬಾರಿಸಿದಾಗ ಅವರ ಪತ್ರಿಕೆಯ ಅರ್ಧ ಖಾಲಿ.

ಮನೆಯ ಪಾಠದಲ್ಲೂ ಹಾಗೇ ಆಗುತ್ತಿರುವುದನ್ನು ಗಮನಿಸಿದವರು ಅತ್ತೆ. ಮುಂದಿನ ಪ್ರಶ್ನೆ ಓದಲು ಹೋದರೆ ಸೊಸೆ ಕೈ ಅಡ್ಡ ಹಿಡಿಯುತ್ತಿದ್ದರು.

"ತಾಳಿ ಅತ್ತೆ, ಇದು ಮುಗೀಲಿ."

"ಮುಗೀದಿದ್ರೆ?"

"ತೆಗೆದಿದ್ದನ್ನ ಮುಗಿಸ್ದೆ ಹೇಗೆ ಬಿಡೋದು?"

ಅತ್ತೆಗೆ ಅದು ಬರೀ ಹಟ ಎನ್ನಿಸಿತು. ಹಟವಷ್ಟೇ ಆಗಿರಲಿಲ್ಲ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೋ ಒಂದು ಚೀಲವನ್ನು ಅರ್ಧ ವಿಂಗಡಿಸಿ, ಕರೆ ಬಂತೆಂದು ಬಿಟ್ಟು ಹೋಗಿದ್ದರು. ನೋಡಿ ಆಗಿರುವ ಚೀಲವೆಂದುಕೊಂಡು ಚಾದರದಕ್ಕ ಕೈ ಹಾಕಿದರು. ಬಳಸಿ ಬಿಸಾಡಿದ ಸೂಜಿಯೊಂದು ಗ್ಲೌಸು ದಾಟಿ ಬೆರಳಿಗೆ ಹೊಕ್ಕಿತು. ಆಮೇಲೆ ತಿಂಗಳುಗಟ್ಟಲೆ ರಕ್ತಪರೀಕ್ಷೆ, ಪ್ರತಿ ಸಲವೂ ಫಲಿತಾಂಶಕ್ಕಾಗಿ ಕಾಯುವುದು. ದೇವರ ದಯೆ, ಏನೂ ಆಗಲಿಲ್ಲ. ಅಂದಿನಿಂದ ಆ ಮೇಜಿನ ಮೇಲೆ ಒಂದು ಕಟ್ಟುಪಾಡು: ಬಾಯಿ ಬಿಚ್ಚಿದವರೇ ತಳ ಕಾಣಿಸಬೇಕು. ಊಟದ ಹೊತ್ತಾಗಲಿ, ಮೇಲಿನವರು ಕರೆಯಲಿ, ಅರ್ಧ ಚೀಲ ಬಿಟ್ಟು ಯಾರೂ ಕದಲುವಂತಿಲ್ಲ.

ಅದೇ ಕೈ ಪರೀಕ್ಷೆಗೂ ಹೋಗಿತ್ತು. ಒಳ್ಳೆಯ ಅಭ್ಯಾಸವೇ ಅಲ್ಲಿ ಕಾಲಿಗೆ ತೊಡರಿಕೊಂಡಿತ್ತು.

ಗಂಟು ಬಿಚ್ಚಿದವರು ಮೆಷಿನ್ ಮಾವ. ಒಗೆಯುವ ಯಂತ್ರ ನೋಡಿಕೊಳ್ಳುವ ಅವರಿಗೆ ಗಣಿತದ ಗೊಡವೆಯಿಲ್ಲ. ಒಂದು ಬೆಳಿಗ್ಗೆ ಚಾದರದಕ್ಕ ತಮ್ಮ ಗೋಳು ಹೇಳಿಕೊಂಡಾಗ, ಯಂತ್ರದ ಬಾಗಿಲು ಮುಚ್ಚುತ್ತಲೇ ಕೇಳಿದರಂತೆ.

"ಚೀಲದಲ್ಲಿ ಗಾಜಿನ ಚೂರು ಕಂಡ್ರೆ ಏನು ಮಾಡ್ತೀಯ?"

"ಬಾಯಿ ಕಟ್ಟಿ, ಕೆಂಪು ದಾರ ಬಿಗಿದು, ಗೋಡೆ ಪಕ್ಕ ಇಡ್ತೀನಿ. ಎಲ್ಲ ಮುಗಿದ ಮೇಲೆ ಚಿಮಟ ತಗೊಂಡು ಅದಕ್ಕೆ ಕೈ ಹಚ್ತೀನಿ."

"ಅರ್ಧಕ್ಕೆ ಬಿಟ್ಟ ಹಾಗಾಯ್ತಲ್ಲ?"

"ಎಲ್ಲಿ ಬಿಟ್ಟ ಹಾಗಾಯ್ತು ಮಾವ? ದಾರ ಕಟ್ಟಿರುತ್ತಲ್ಲ."

"ಹಂಗಾದ್ರೆ ಅಲ್ಲೂ ಕಟ್ಟಮ್ಮ." ಇಷ್ಟು ಹೇಳಿ ಅವರು ಗುಂಡಿ ಒತ್ತಿದರು. ಯಂತ್ರದ ಸದ್ದಿನಲ್ಲಿ ಮುಂದಿನ ಮಾತು ಕೇಳಿಸುವಂತಿರಲಿಲ್ಲ.

ಅಂದು ಮಧ್ಯಾಹ್ನದಿಂದಲೇ ಚಾದರದಕ್ಕ ಬಿಡಿಸಲಾಗದ ಪ್ರಶ್ನೆಯ ಸಂಖ್ಯೆಗೆ ಒಂದು ದುಂಡು ಸುತ್ತು ಹಾಕಿ ಮುಂದಕ್ಕೆ ಹೋಗುವುದನ್ನು ರೂಢಿ ಮಾಡಿಕೊಳ್ಳತೊಡಗಿದರು. ಹೇಳಿದಷ್ಟು ಸುಲಭವಾಗಿರಲಿಲ್ಲ. ಬಾಯಿ ಮುಂದಿನ ಪ್ರಶ್ನೆಯ ಉತ್ತರ ಹೇಳುತ್ತಿದ್ದರೆ ಕಣ್ಣು ಸುತ್ತು ಹಾಕಿದ್ದರ ಮೇಲೆಯೇ. ಕೈ ಕಳ್ಳಬೆಕ್ಕಿನಂತೆ ಹಿಂದಕ್ಕೆ ಸರಿಯುತ್ತಿತ್ತು. ಅತ್ತೆ ಸೌಟಿನ ಹಿಡಿಯಿಂದ ನೆಲ ಕುಟ್ಟಿ ಎಚ್ಚರಿಸುತ್ತಿದ್ದರು.

"ಅದೇನು ಹಾಲಾ, ಉಕ್ಕಿ ಹೋಗೋಕೆ? ಅಲ್ಲೇ ಇರುತ್ತೆ. ಮುಂದೆ ನೋಡು."

ಕಳೆದ ಭಾನುವಾರ ಅವರ ಮೂರನೆಯ, ಕೊನೆಯ ಪರೀಕ್ಷೆ ನಡೆಯಿತು. ಯಾವುದೋ ಶಾಲೆಯ ಕೊಠಡಿ, ಚಿಕ್ಕ ಮಕ್ಕಳ ಬೆಂಚು, ಮೊಣಕಾಲು ಮಡಚಲು ಜಾಗವಿಲ್ಲ. ಪಕ್ಕದಲ್ಲಿ ಲಿಫ್ಟು ನಡೆಸುವ ಯುವಕ, ಹಿಂದೆ ಶವಾಗಾರದ ಸಹಾಯಕ. ಅವರೂ ಓದಿಕೊಂಡು ಬಂದವರೇ, ಅವರ ಮನೆಯಲ್ಲೂ ಕಾಯುವವರಿದ್ದಾರೆ; ಅದನ್ನು ಚಾದರದಕ್ಕನೇ ಎರಡು ಸಲ ಹೇಳುತ್ತಾರೆ. ಐದನೆಯ ಪ್ರಶ್ನೆಯೇ ಕೈ ಕೊಟ್ಟಿತು. "ಸುತ್ತು ಹಾಕಿದೆ. ಹಾಕಿ ಮುಂದೆ ಹೋದ್ರೆ ಕತ್ತಿನ ಹಿಂದೆ ಯಾರೋ ನಿಂತ ಹಾಗಾಯ್ತು. ಆ ಚೀಲಕ್ಕೆ ಯಾರಾದ್ರೂ ಕೈ ಹಾಕಿಬಿಡ್ತಾರೆ ಅನ್ನೋ ದಿಗಿಲು. ಇಲ್ಲಿ ಯಾರೂ ಹಾಕಲ್ಲ ಕಣೇ, ಇದು ನಿನ್ನೊಬ್ಬಳದೇ ಅಂತ ನನಗೆ ನಾನೇ ಹೇಳ್ಕೊಂಡೆ. ಎರಡು ಪ್ರಶ್ನೆ ಆದ ಮೇಲೆ ಆ ಸುತ್ತಿನ ಕಡೆ ನೋಡೋದು ಬಿಟ್ಟೆ."

ಹೀಗೆ ಹೋಗಿ ಹೋಗಿ ಅವರು ಪತ್ರಿಕೆಯ ಕೊನೆಯ ಪುಟ ತಲುಪಿದರು. ಹಿಂದಿನ ಎರಡು ಸಲವೂ ಆ ಪುಟ ತಿರುಗಿಸಿ ನೋಡುವ ಯೋಗ ಬಂದಿರಲಿಲ್ಲ. ಅಲ್ಲಿದ್ದದ್ದನ್ನು ನೋಡಿ ಅವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸುಲಭದ ಪ್ರಶ್ನೆಗಳೆಲ್ಲ ಅಲ್ಲೇ ಕೂತಿದ್ದವು. ಸರಣಿ, ಸಂಬಂಧ, ಸಣ್ಣ ಸಣ್ಣ ಕೂಡಿ ಕಳೆಯುವ ಲೆಕ್ಕ. ಎಲ್ಲ ಮುಗಿಸಿ, ಉಳಿದ ಹೊತ್ತಿನಲ್ಲಿ ಹಿಂದಕ್ಕೆ ಹೋಗಿ ಸುತ್ತು ಹಾಕಿದವುಗಳಲ್ಲಿ ಮೂರನ್ನು ಬಿಡಿಸಿದರು. ಎರಡು ಹಾಗೆಯೇ ಉಳಿದವು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೂತಿದ್ದರು. ಸೊಸೆ ಚಪ್ಪಲಿ ಬಿಡುವುದರೊಳಗೆ ವಿಚಾರಣೆ ಶುರುವಾಯಿತು.

"ಎಷ್ಟು ಬಿಟ್ಟೆ?"

"ಎರಡು."

"ಯಾವುದು ಆ ಎರಡು?"

ಚಾದರದಕ್ಕ ಯೋಚಿಸಿದರು. "ನೆನಪಿಲ್ಲ ಅತ್ತೆ."

ಅತ್ತೆ ಬೈಯಲಿಲ್ಲ. ಸಂಜೆ ಪಕ್ಕದ ಮನೆಯಾಕೆ ಬಂದಾಗ, ಸೊಸೆ ಯಾವುದೋ ದೂರದ ಊರಿಗೆ ಹೋಗಿಬಂದಳೇನೋ ಎನ್ನುವ ಹಾಗೆ, "ನಮ್ಮವಳು ಕೊನೇ ಪುಟದ ತನಕ ಹೋಗಿ ಬಂದ್ಲು" ಎಂದು ಹೇಳಿದರಂತೆ.

ಫಲಿತಾಂಶ ಬರಲು ಇನ್ನೂ ದಿನಗಳಿವೆ. ಚೆನ್ನಾಗಿ ಬರೆದವರು ಬೇರೆಯವರೂ ಇದ್ದಾರೆ, ಹುದ್ದೆಗಳು ಕೆಲವೇ. ಆಗಿಯೇ ಆಗುತ್ತದೆ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ, ಚಾದರದಕ್ಕನಿಗಂತೂ ಇಲ್ಲವೇ ಇಲ್ಲ. ಸೋಮವಾರ ಬೆಳಿಗ್ಗೆ ಎಂದಿನಂತೆ ಲಾಂಡ್ರಿಗೆ ಬಂದರೆ, ಇಸ್ತ್ರಿ ಮಾಡುವ ಹೆಂಗಸು ಮೆಲ್ಲಗೆ ಹತ್ತಿರ ಬಂದು ಆ ಪುಸ್ತಕ ಸಿಗಬಹುದೇ ಎಂದು ಕೇಳಿದಳು. ಈಗ ಮಧ್ಯಾಹ್ನದ ಹೊತ್ತು ಅತ್ತೆಯ ಮುಂದೆ ನೆಲದ ಮೇಲೆ ಕೂರುವವಳು ಆಕೆ. ಚಾದರದಕ್ಕ ಪಕ್ಕದಲ್ಲಿ ಬೇಳೆ ಆರಿಸುತ್ತಾ, ಉತ್ತರ ನಾಲಿಗೆ ತುದಿಗೆ ಬಂದರೂ ಬಾಯಿ ಬಿಗಿಹಿಡಿದು ಕೂತಿರುತ್ತಾರೆ.

ಪಾಸಾದರೆ ಮೊದಲು ಏನು ಮಾಡುತ್ತೀರಿ ಎಂದರೆ ಅವರು ಉತ್ತರಕ್ಕಾಗಿ ಹುಡುಕುವುದಿಲ್ಲ. ಮೊದಲೇ ಯೋಚಿಸಿಟ್ಟಿರುವುದು ಗೊತ್ತಾಗುತ್ತದೆ.

"ಸ್ಟೋರಿನಲ್ಲಿ ಒಂದು ದೊಡ್ಡ ಕಿಟಕಿ ಇದೆ. ಧೂಳು ಬರುತ್ತೆ ಅಂತ ಯಾವಾಗ್ಲೂ ಮುಚ್ಚೇ ಇಡ್ತಾರೆ. ಅಲ್ಲಿಗೆ ಹೋದ ಮೊದಲ ದಿನವೇ ಅವರನ್ನ ಕೇಳಿ ಅದನ್ನ ಒಂದ್ಸಲ ತೆಗೀತೀನಿ. ಅಲ್ಲಿ ನಿಂತ್ಕೊಂಡು ಉಸಿರು ಪೂರ್ತಿ ಎಳ್ಕೋತೀನಿ. ಆಮೇಲೆ ಏನು ಕೆಲಸ ಕೊಟ್ರೂ ಮಾಡ್ತೀನಿ."