ಕೆಂಪು ಚುಕ್ಕೆ, ನೀಲಿ ಚುಕ್ಕೆ
ನಮ್ಮ ಬೀದಿಯ ಗ್ರಂಥಪಾಲಕರ ಬಲಗಿವಿಯ ಸಂದಿಯಲ್ಲಿ ಕೆಂಪು ಪೆನ್ಸಿಲ್, ಎಡಗಿವಿಯ ಸಂದಿಯಲ್ಲಿ ನೀಲಿ. ಹೊಸ ಕಾದಂಬರಿ ಬಂದರೆ ಮೊದಲು ತಾವು ಓದಿ, ಮೊದಲ ಪುಟದಲ್ಲಿ ಪಾತ್ರಗಳ ಹೆಸರು ಬರೆದು, ಒಳ್ಳೆಯವರ ಪಕ್ಕ ನೀಲಿ ಚುಕ್ಕೆ, ಕೆಟ್ಟವರ ಪಕ್ಕ ಕೆಂಪು ಚುಕ್ಕೆ ಇಟ್ಟ ಮೇಲೆಯೇ ಅದು ಕಪಾಟು ಸೇರುವುದು. "ಕೊಲೆ ಮಾಡಿದ್ದು ಯಾರು ಅಂತ ಮೊದಲನೇ ಪುಟದಲ್ಲೇ ಹೇಳ್ಬಿಟ್ರಲ್ಲ ಸಾರ್, ಇನ್ನು ಓದೋಕೆ ಏನುಳೀತು ಮಣ್ಣು?" ಎಂದು ಪತ್ತೇದಾರಿ ಹುಚ್ಚಿನ ಎದುರಂಗಡಿ ಟೈಲರ್ ಗೋಳಾಡಿದರೆ, "ಗೊತ್ತಿದ್ರೆ ಅವನ ಹತ್ರ ಹುಷಾರಾಗಿರಬಹುದಲ್ಲಪ್ಪಾ" ಎನ್ನುತ್ತಾರೆ. ಮನುಷ್ಯರಿಗೂ ಅದೇ ಅಳತೆ. ಪುಟದ ತುದಿ ಮಡಿಸುವವರು, ಎಂಜಲು ಬೆರಳಿನಲ್ಲಿ ಹಾಳೆ ಮಗುಚುವವರು ಕೆಂಪಿನವರು. ಪುಸ್ತಕಕ್ಕೆ ರಟ್ಟು ಹಾಕಿ ಹಿಂತಿರುಗಿಸುವವರು, ಊರಿಗೇ ಮನೆಮುರುಕರಾದರೂ, ನೀಲಿಯವರು. ಅನುಮಾನವೆಂಬುದು ಅವರ ಹತ್ತಿರ ಸುಳಿದದ್ದನ್ನು ಯಾರೂ ಕಂಡಿರಲಿಲ್ಲ. ಮೊನ್ನೆ ಟೈಲರ್ ಕೈಗೆ ಒಂದು ಹಳೆಯ ಕಾದಂಬರಿ ಸಿಕ್ಕಿತು. ಗಂಡನನ್ನು ಬಿಟ್ಟು ಬಂದ ತಂಗಿಗೆ ಬಾಗಿಲು ತೆರೆಯದ ಅಣ್ಣನ ಕಥೆ. ಎಲ್ಲರಿಗೂ ಚುಕ್ಕೆಯಿತ್ತು. ಅಣ್ಣನ ಪಕ್ಕದಲ್ಲಿ ಮಾತ್ರ ಕೆಂಪು ಇಟ್ಟು ಅಳಿಸಿ, ನೀಲಿ ಇಟ್ಟು ಅಳಿಸಿ, ಮತ್ತೆ ಕೆಂಪು ಇಟ್ಟು ಅಳಿಸಿ, ಕಾಗದವೇ ಸವೆದು ತೂತಾಗಿತ್ತು. "ಇವನು ಒಳ್ಳೆಯವನಾ ಕೆಟ್ಟವನಾ ಸಾರ್?" ಗ್ರಂಥಪಾಲಕರು ಎರಡೂ ಪೆನ್ಸಿಲ್ ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟರು. "ಅದನ್ನ ನನ್ನ ತಂಗೀನೇ ಹೇಳ್ಬೇಕಪ್ಪಾ" ಎಂದರು. "ಅವಳು ನನ್ನ ಹತ್ರ ಮಾತು ಬಿಟ್ಟು ಹನ್ನೊಂದು ವರ್ಷ ಆಯ್ತು."